ಕಂಪನಿ ಮುಳುಗಿದ ಮಾರನೇ ದಿನ ಸೋಗಾನೆಗೆ ಯಾರು ಬರುತ್ತಾರೆ, ಸಚಿವರೇ?

ಕೇಂದ್ರದ ನಾಗರಿಕ ವಿಮಾನಯಾನ ಸಚಿವರಿಗೆ, ರಾಜ್ಯದ ಮೂಲಸೌಕರ್ಯ ಅಭಿವೃದ್ಧಿ ಸಚಿವರಿಗೆ, ನಮ್ಮ ಸಂಸದರಿಗೆ

ಮಾನ್ಯರೇ,

ಸೋಗಾನೆಗೆ, ಅಂದರೆ ನಮ್ಮ ಶಿವಮೊಗ್ಗದ ವಿಮಾನ ನಿಲ್ದಾಣಕ್ಕೆ, ಇನ್ನೊಂದು ವಿಮಾನ ಕೊಡಿ ಎಂದು ಕೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಅಂಥ ಮನವಿಗಳು ನಿಮ್ಮ ಹತ್ತಿರ ಬೇಕಾದಷ್ಟು ಇರುತ್ತವೆ, ಶಾಲು ಹೊದಿಸಿ ಫೋಟೋ ತೆಗೆಸಿಕೊಂಡು ಕೊಟ್ಟವು. ನಾನು ಕೇಳುವುದು ಒಂದೇ. ಈಗ ಹಾರುತ್ತಿರುವ ಕಂಪನಿಯೊಂದು ನಾಳೆ ಬಾಗಿಲು ಹಾಕಿದರೆ, ಆ ರೂಟಿನಲ್ಲಿ ಮುಂದೆ ಯಾರು ಹಾರಬೇಕು, ಎಷ್ಟು ದಿನದೊಳಗೆ, ಯಾರ ದುಡ್ಡಿನಲ್ಲಿ ಅನ್ನುವುದನ್ನು ಇವತ್ತೇ ಬರೆದಿಡಿ. ಮುಳುಗಿದ ಮೇಲೆ ಸಭೆ ಕರೆಯಬೇಡಿ.

ಯಾವ ಕಂಪನಿಯೂ ಮುಳುಗುತ್ತಿದೆ ಎಂದು ನಾನು ಹೇಳುತ್ತಿಲ್ಲ. ದಯವಿಟ್ಟು ಯಾರೂ ಹಾಗಂತ ವಾಟ್ಸಾಪ್‌ನಲ್ಲಿ ಹರಿಬಿಡಬೇಡಿ. ನಾನು ಶಿವಮೊಗ್ಗದಲ್ಲಿ ಟಿಕೆಟ್ ಬುಕ್ ಮಾಡಿಕೊಡುವ ಸಣ್ಣ ಅಂಗಡಿ ಇಟ್ಟುಕೊಂಡವನು. ಬಸ್ಸು, ರೈಲು, ವಿಮಾನ, ಮಧ್ಯೆ ಮಧ್ಯೆ ಪಾಸ್‌ಪೋರ್ಟ್ ಅರ್ಜಿ, ಪಾನ್ ಕಾರ್ಡು. ವಿಮಾನದ ಟಿಕೆಟ್ಟಿಗೆ ನನಗೆ ಸಿಗುವ ಕಮಿಷನ್ ಕೇಳಿದರೆ ನೀವು ನಗುತ್ತೀರಿ. ಆದರೆ ವಿಮಾನ ನಿಂತಾಗ ಜನ ಮೊದಲು ಬರುವುದು ನನ್ನಂಥವರ ಕೌಂಟರಿಗೇ. ವಿಧಾನಸೌಧದ ತನಕ ಯಾರೂ ಬರುವುದಿಲ್ಲ, ಬರುವುದಕ್ಕೆ ವಿಮಾನವೂ ಇರುವುದಿಲ್ಲವಲ್ಲ.

ದೊಡ್ಡ ಊರಿನಲ್ಲಿ ವಿಮಾನ ಕಂಪನಿ ಸತ್ತರೆ ಏನಾಗುತ್ತದೆ ಎಂದು ಮೊದಲು ನೋಡೋಣ. 2019ರ ಏಪ್ರಿಲ್ 17ರ ರಾತ್ರಿ ಜೆಟ್ ಏರ್‌ವೇಸ್ ಕೊನೆಯ ಸಲ ಹಾರಿತು, ಅಮೃತಸರದಿಂದ ಮುಂಬೈಗೆ. ದೆಹಲಿ, ಮುಂಬೈ ಎರಡೇ ಕಡೆ ಅದು ಬಿಟ್ಟುಹೋದ ಸ್ಲಾಟುಗಳು ಸುಮಾರು 440. ಸ್ಲಾಟು ಅಂದರೆ ವಿಮಾನ ಇಳಿಯಲು, ಏಳಲು ಗೊತ್ತುಮಾಡಿಕೊಟ್ಟ ಹೊತ್ತು. ಆ ಊರುಗಳಲ್ಲಿ ಅದು ಬಂಗಾರ. ಕೆಲವೇ ವಾರಗಳಲ್ಲಿ ಅವುಗಳನ್ನು ಬೇರೆ ಕಂಪನಿಗಳಿಗೆ ತಾತ್ಕಾಲಿಕವಾಗಿ ಹಂಚಿದರು. ಜೆಟ್ ಬಾಡಿಗೆಗೆ ತಂದಿದ್ದ ಬೋಯಿಂಗ್‌ಗಳನ್ನು ಅವುಗಳ ಮಾಲೀಕರು ವಾಪಸ್ ಪಡೆದರು, ಅವುಗಳಲ್ಲಿ ಎಷ್ಟೋ ಸ್ಪೈಸ್‌ಜೆಟ್‌ಗೆ ಬಂದವು, ಪೈಲಟ್‌ಗಳಲ್ಲೂ ಬಹಳ ಜನ ಬೇರೆ ಕಡೆ ಸೇರಿಕೊಂಡರು. ಕೆಲಸ ಕಳೆದುಕೊಂಡವರ ಪಾಡು ಬೇರೆ, ಅದನ್ನು ಇಲ್ಲಿ ಹೇಳಲು ಹೋಗುವುದಿಲ್ಲ. ಮುಂಬೈನಿಂದ ದೆಹಲಿಗೆ ಹೋಗಬೇಕಾದವನು ಮಾತ್ರ ಸ್ವಲ್ಪ ದಿನ ಜಾಸ್ತಿ ದುಡ್ಡು ಕೊಟ್ಟ, ಅಷ್ಟೇ. ಹೋಗದೆ ಉಳಿಯಲಿಲ್ಲ.

ಗೋ ಫಸ್ಟ್ ಕಥೆ ಇನ್ನೊಂದು ಥರ. 2023ರ ಮೇ 2ರಂದು ಕಂಪನಿ ದಿವಾಳಿ ಅರ್ಜಿ ಹಾಕಿತು, ಮಾರನೇ ದಿನದಿಂದ ಹಾರಾಟ ಬಂದ್. ನ್ಯಾಯಮಂಡಳಿ ಕಂಪನಿಯ ಆಸ್ತಿಯನ್ನು ಯಾರೂ ಮುಟ್ಟಬಾರದು ಎಂದಿತು. ಬಾಡಿಗೆಗೆ ತಂದ ವಿಮಾನಗಳೂ ಅದರಲ್ಲಿ ಸಿಕ್ಕಿಹಾಕಿಕೊಂಡವು. 54 ವಿಮಾನಗಳು ಹೆಚ್ಚುಕಡಿಮೆ ಒಂದು ವರ್ಷ ನೆಲದ ಮೇಲೇ ನಿಂತವು. 2024ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿದ ಮೇಲಷ್ಟೇ ಅವು ಮಾಲೀಕರ ಕೈಗೆ ಬಂದವು. ಒಂದು ಕಡೆ ವಿಮಾನ ಇಲ್ಲ ಎಂದು ಜನ ಒದ್ದಾಡುತ್ತಿದ್ದಾರೆ, ಇನ್ನೊಂದು ಕಡೆ ವಿಮಾನಗಳು ಸುಮ್ನೆ ಧೂಳು ಹಿಡಿಯುತ್ತಾ ನಿಂತಿವೆ. ಲೇಹ್, ಶ್ರೀನಗರದಂಥ ರೂಟುಗಳಲ್ಲಿ ದರ ಎಷ್ಟು ಏರಿತೆಂದರೆ, ಆಗಿನ ಸಚಿವರು ಕಂಪನಿಗಳನ್ನು ಕರೆದು ಸ್ವಲ್ಪ ಹಿಡಿತದಲ್ಲಿಡಿ ಎಂದು ಹೇಳಬೇಕಾಯಿತು. ಆಮೇಲೆ 2025ರಲ್ಲಿ ಕಾನೂನನ್ನೇ ತಂದಿರಿ, ಬಾಡಿಗೆ ವಿಮಾನಗಳನ್ನು ಮಾಲೀಕರು ಬೇಗ ವಾಪಸ್ ಪಡೆಯುವಂತೆ. ಒಳ್ಳೆಯದೇ ಆಯಿತು. ವಿಮಾನದ ಮಾಲೀಕನಿಗೆ ಒಂದು ಕಾನೂನು ಬಂತು. ಪ್ರಯಾಣಿಕನಿಗೆ, ಅದರಲ್ಲೂ ಸಣ್ಣ ಊರಿನ ಪ್ರಯಾಣಿಕನಿಗೆ?

ನಮ್ಮಲ್ಲಿ ಸ್ಲಾಟಿಗೆ ಯಾರೂ ಜಗಳ ಆಡುವುದಿಲ್ಲ. ಸೋಗಾನೆಯ ರನ್‌ವೇ ಮೂರು ಕಿಲೋಮೀಟರಿಗೂ ಉದ್ದ, ಏರ್‌ಬಸ್ ಬೇಕಾದರೂ ಇಳಿಯಬಹುದು, ದಿನದ ಬಹುಪಾಲು ಹೊತ್ತು ಅದು ಖಾಲಿ ಬಿದ್ದಿರುತ್ತದೆ. ಕೊರತೆ ಇರುವುದು ಸಣ್ಣ ವಿಮಾನದ್ದು. ಶಿವಮೊಗ್ಗದಂಥ ಊರಿಗೆ ಲೆಕ್ಕ ಕೂಡಿಬರುವುದು ಎಪ್ಪತ್ತು ಎಂಬತ್ತು ಸೀಟಿನ ಎಟಿಆರ್, ಕ್ಯೂ400 ಅಥವಾ ಎಂಬ್ರೇಯರ್‌ಗೆ. ನೂರಾ ಎಂಬತ್ತು ಸೀಟಿನದನ್ನು ದಿನಾ ತುಂಬಿಸುವಷ್ಟು ಜನ ಇಲ್ಲಿ ಎಲ್ಲಿದ್ದಾರೆ? ಇಂಥ ಸಣ್ಣ ವಿಮಾನ ಇಟ್ಟುಕೊಂಡವರು ದೇಶದಲ್ಲಿ ಇಂಡಿಗೋ, ಅಲಯನ್ಸ್ ಏರ್, ಸ್ಪೈಸ್‌ಜೆಟ್, ಸ್ಟಾರ್ ಏರ್, ಫ್ಲೈ91, ಹೀಗೆ ಬೆರಳಲ್ಲಿ ಎಣಿಸುವಷ್ಟು. ಎಲ್ಲರ ವಿಮಾನಗಳಿಗೂ ಬೆಳಗಿನಿಂದ ಸಂಜೆ ತನಕ ಕೆಲಸ ಗೊತ್ತಾಗಿಬಿಟ್ಟಿದೆ. ಒಬ್ಬರು ಬಿದ್ದರೆ ಇನ್ನೊಬ್ಬರು ಬರಬೇಕಾದರೆ ಎಲ್ಲಿಂದಲೋ ಒಂದು ವಿಮಾನ ಕಿತ್ತು ತರಬೇಕು, ಅಂದರೆ ಇನ್ಯಾವುದೋ ಊರಿನ ವಿಮಾನ ನಿಲ್ಲಬೇಕು. ಎಟಿಆರ್ ಹಾರಿಸುವ ಪೈಲಟ್ ಬೇರೆ, ಎಂಬ್ರೇಯರ್ ಹಾರಿಸುವ ಪೈಲಟ್ ಬೇರೆ. ಬಸ್ ಡ್ರೈವರನ್ನು ಡಿಪೋದಲ್ಲಿ ಬದಲಿಸಿದಂತೆ ಬದಲಿಸಲು ಆಗುವುದಿಲ್ಲ.

ಹಾಗೂ ಯಾರಾದರೂ ಬಂದರು ಅನ್ನಿ. ಹೇಗೆ ಬರುತ್ತಾರೆ ಗೊತ್ತಾ? ಇಡೀ ಜಾಲವನ್ನು ಯಾರೂ ಎತ್ತಿಕೊಳ್ಳುವುದಿಲ್ಲ. ಲಾಭ ಬರುವ ಒಂದು ರೂಟು ಆರಿಸಿಕೊಳ್ಳುತ್ತಾರೆ, ಅದೂ ವಾರಕ್ಕೆ ಮೂರು ದಿನ, ಅದೂ ಅವರ ವಿಮಾನ ಬಿಡುವಾಗಿರುವ ಮಟಮಟ ಮಧ್ಯಾಹ್ನ. ಪೇಪರಿನಲ್ಲಿ ಮಾತ್ರ ‘ವಿಮಾನ ಸೇವೆ ಪುನರಾರಂಭ’ ಎಂದು ಬರುತ್ತದೆ. ಬೆಳಿಗ್ಗೆ ಹೋಗಿ ಕೋರ್ಟು ಕೆಲಸ ಮುಗಿಸಿ ಸಂಜೆ ವಾಪಸ್ ಬರುತ್ತಿದ್ದವನಿಗೆ ಅದು ಪುನರಾರಂಭವೇ ಅಲ್ಲ.

ದೂರದ ಉದಾಹರಣೆ ಬೇಡ, ನಮ್ಮ ರಾಜ್ಯದಲ್ಲೇ ನೋಡಿ. ಮೈಸೂರಿಗೆ 2010ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಬಂತು. ಮಾರನೇ ವರ್ಷದ ನವೆಂಬರ್ ಹೊತ್ತಿಗೆ ನಿಂತಿತು, 2012ರಲ್ಲಿ ಕಂಪನಿಯೇ ನಿಂತಿತು. ಮೈಸೂರಿಗೆ ಮತ್ತೊಂದು ವಿಮಾನ, ಸ್ಪೈಸ್‌ಜೆಟ್, ಬಂದಿದ್ದು 2013ರ ಜನವರಿಗೆ. ಅದೂ ಬಹಳ ದಿನ ಇರಲಿಲ್ಲ. ಮೈಸೂರೆಂಬ ಮೈಸೂರು, ದಸರಾ ಊರು, ಅರಮನೆ ಊರು, ಅದಕ್ಕೇ ವರ್ಷಗಟ್ಟಲೆ ವಿಮಾನ ಇರಲಿಲ್ಲ ಎಂದರೆ ನಮ್ಮ ಪಾಡು ಯೋಚಿಸಿ.

ಬೀದರ್ ಕಥೆ ಇನ್ನೂ ಚೆನ್ನಾಗಿದೆ, ಅಂದರೆ ಇನ್ನೂ ಕೆಟ್ಟದಾಗಿದೆ. 2020ರ ಫೆಬ್ರವರಿಯಲ್ಲಿ ಟ್ರೂಜೆಟ್ ಬೆಂಗಳೂರು–ಬೀದರ್ ಶುರು ಮಾಡಿತು. ಎರಡು ವರ್ಷಕ್ಕೆ, 2022ರ ಫೆಬ್ರವರಿಯಲ್ಲಿ, ಟ್ರೂಜೆಟ್ ಹಾರಾಟವನ್ನೇ ನಿಲ್ಲಿಸಿತು. ಆ ವರ್ಷದ ಜೂನ್‌ನಲ್ಲಿ ಸ್ಟಾರ್ ಏರ್ ಆ ರೂಟು ಹಿಡಿಯಿತು. ನಾಲ್ಕು ತಿಂಗಳಲ್ಲಿ ಬದಲಿ ಸಿಕ್ಕಿದ್ದು ನಮ್ಮ ಲೆಕ್ಕದಲ್ಲಿ ಭಾರಿ ಬೇಗ. ಆದರೆ 2023ರ ಕೊನೆಗೆ ಅದೂ ನಿಂತಿತು. ಕಂಪನಿ ಗಟ್ಟಿಯಾಗಿಯೇ ಇತ್ತು, ರೂಟಿಗೆ ಮಾತ್ರ ಲೆಕ್ಕ ಕೂಡಿಬರಲಿಲ್ಲ. ಆಮೇಲೆ ಒಂದು ವರ್ಷಕ್ಕೂ ಜಾಸ್ತಿ ಬೀದರ್ ನಿಲ್ದಾಣದಲ್ಲಿ ಪ್ರಯಾಣಿಕ ವಿಮಾನವೇ ಇಲ್ಲ. ಕೊನೆಗೆ ರಾಜ್ಯ ಸರ್ಕಾರ ನಷ್ಟ ತುಂಬಿಕೊಡಲು ಒಪ್ಪಿದ ಮೇಲೆ 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು. ಇದರಲ್ಲಿ ನನಗೆ ಕಾಣುವುದು ಇಷ್ಟು: ದುಡ್ಡು ಇತ್ತು, ಕಂಪನಿ ಇತ್ತು, ವಿಮಾನವೂ ಇತ್ತು. ಮೂರನ್ನೂ ಒಂದು ಕಡೆ ಕೂರಿಸಲು ಮುಂಚೆಯೇ ಬರೆದಿಟ್ಟ ಕಾಗದ ಮಾತ್ರ ಇರಲಿಲ್ಲ.

ಈಗ ಉಡಾನ್, ಅಂದರೆ ಸಣ್ಣ ಊರುಗಳಿಗೆ ಸಹಾಯಧನ ಕೊಟ್ಟು ವಿಮಾನ ತರುವ ಕೇಂದ್ರದ ಯೋಜನೆಯ ವಿಷಯಕ್ಕೆ ಬರುತ್ತೇನೆ. ಯೋಜನೆ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ, ಅದು ಇಲ್ಲದಿದ್ದರೆ ಹವಾಯಿ ಚಪ್ಪಲಿ ಹಾಕಿದವರು ಎಷ್ಟೋ ಜನ ವಿಮಾನ ಹತ್ತುತ್ತಲೇ ಇರಲಿಲ್ಲ. ಅದು ನಡೆಯುವುದು ಹೀಗೆ. ಯಾವ ಕಂಪನಿ ಕಮ್ಮಿ ಸಹಾಯಧನ ಕೇಳುತ್ತದೋ ಅದಕ್ಕೆ ರೂಟು. ಅರ್ಧದಷ್ಟು ಸೀಟುಗಳಿಗೆ ದರದ ಮಿತಿ, ಶುರುವಿನಲ್ಲಿ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಇತ್ತು. ಆ ಸೀಟುಗಳ ನಷ್ಟವನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತದೆ, ಅದರಲ್ಲಿ 20 ಪರ್ಸೆಂಟ್ ರಾಜ್ಯದ್ದು, ಉಳಿದದ್ದು ದೊಡ್ಡ ರೂಟುಗಳ ಹಾರಾಟದ ಮೇಲೆ ಹಾಕುವ ಲೆವಿಯಿಂದ. ಆ ಮೂರು ವರ್ಷ ಆ ರೂಟು ಆ ಕಂಪನಿಯದ್ದೇ.

ಕಮ್ಮಿ ಕೇಳಿದವನಿಗೆ ಕೊಡುವುದು ಸರ್ಕಾರದ ಬೊಕ್ಕಸಕ್ಕೆ ಸರಿ. ಆದರೆ ಕಮ್ಮಿ ಕೇಳಿದವನ ಹತ್ತಿರ ವಿಮಾನ ಎಷ್ಟಿದೆ, ಒಂದು ಕೆಟ್ಟರೆ ಇನ್ನೊಂದು ಇದೆಯಾ ಎಂದು ಯಾರು ನೋಡಿದರು? 2017ರ ಮೊದಲ ಸುತ್ತಿನಲ್ಲಿ 128 ರೂಟು ಹಂಚಿದಿರಿ. ಅದರಲ್ಲಿ 50 ಏರ್ ಒಡಿಶಾಗೆ, 34 ಆಗಿನ ಹೊಸ ಏರ್ ಡೆಕ್ಕನ್‌ಗೆ. ಮೂರರಲ್ಲಿ ಎರಡು ಪಾಲು ರೂಟು ಎರಡು ಪುಟ್ಟ ಕಂಪನಿಗಳ ತಲೆ ಮೇಲೆ. ಎರಡೂ ಹೆಚ್ಚು ದಿನ ಬಾಳಲಿಲ್ಲ. ಮಹಾಲೇಖಪಾಲರ 2023ರ ವರದಿ ನಿಮ್ಮ ಹತ್ತಿರ ಇದೆ, ನನಗಿಂತ ಚೆನ್ನಾಗಿ ಓದಿರುತ್ತೀರಿ. ಮೂರನೇ ಸುತ್ತಿನ ತನಕ ಕೊಟ್ಟ 774 ರೂಟುಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನ ಮುಗಿದ ಮೇಲೂ, 2023ರ ಮಾರ್ಚ್ ಹೊತ್ತಿಗೆ, ಉಳಿದಿದ್ದು 54. ನೂರಕ್ಕೆ ಏಳು.

ಈ ಲೆಕ್ಕ ನೋಡಿದ ಮೇಲೆ, ಕಂಪನಿ ಕೈಬಿಡುವುದು ಅಪರೂಪದ ಅವಘಡ ಎಂದು ಹೇಳಲು ಬಾಯಿ ಬರುವುದಿಲ್ಲ. ಅದೇ ಮಾಮೂಲಿ. ಹಾಗಿದ್ದಾಗ ಮಾಮೂಲಿ ವಿಷಯಕ್ಕೆ ಒಂದು ಮಾಮೂಲಿ ವ್ಯವಸ್ಥೆ ಇರಬೇಕಲ್ವಾ? ಈಗ ಇರುವುದು, ಒಪ್ಪಂದ ರದ್ದು ಮಾಡು, ಬ್ಯಾಂಕ್ ಗ್ಯಾರಂಟಿ ಮುಟ್ಟುಗೋಲು ಹಾಕಿಕೋ, ಮುಂದಿನ ಸುತ್ತಿನ ಬಿಡ್ ಕರೆದಾಗ ರೂಟನ್ನು ಮತ್ತೆ ಪಟ್ಟಿಗೆ ಸೇರಿಸು. ಗ್ಯಾರಂಟಿ ದುಡ್ಡು ಸರ್ಕಾರಕ್ಕೆ ಹೋಗುತ್ತದೆ. ಊರಿಗೆ ಏನು ಬರುತ್ತದೆ?

ನಮ್ಮ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ಕ್ಕೆ ಉದ್ಘಾಟನೆಯಾಯಿತು. ಆಗಸ್ಟ್ 31ಕ್ಕೆ ಬೆಂಗಳೂರಿನ ವಿಮಾನ ಬಂತು, ನವೆಂಬರ್‌ನಲ್ಲಿ ಉಡಾನ್ ಅಡಿ ಹೈದರಾಬಾದ್, ಗೋವಾ, ತಿರುಪತಿಗೆ ಶುರುವಾಯಿತು. 2023ರ ನವೆಂಬರ್‌ಗೆ ಮೂರು ವರ್ಷ ಸೇರಿಸಿ ನೋಡಿ, ನಾನು ಈಗ ಯಾಕೆ ಬರೆಯುತ್ತಿದ್ದೇನೆ ಎಂದು ತಿಳಿಯುತ್ತದೆ. ಇನ್ನೊಂದು ಮಾತು. ಇದು ವಿಮಾನ ನಿಲ್ದಾಣ ಪ್ರಾಧಿಕಾರದ್ದಲ್ಲ, ರಾಜ್ಯ ಸರ್ಕಾರವೇ ತನ್ನ ಕೈಗಾರಿಕೆ ಮತ್ತು ಮೂಲಸೌಕರ್ಯ ಅಭಿವೃದ್ಧಿ ನಿಗಮವಾದ ಕೆಎಸ್‌ಐಐಡಿಸಿ ಮೂಲಕ ನಡೆಸುವ ನಿಲ್ದಾಣ. ಹಾಗಾಗಿ ವಿಮಾನ ಬರಲಿ ಬರದಿರಲಿ, ಅಗ್ನಿಶಾಮಕದವರ ಸಂಬಳ, ಭದ್ರತೆ, ಕರೆಂಟು, ರನ್‌ವೇ ಪಕ್ಕದ ಹುಲ್ಲು ಕೊಯ್ಯುವುದು, ಎಲ್ಲದಕ್ಕೂ ರಾಜ್ಯದ ದುಡ್ಡೇ. ಖಾಲಿ ನಿಲ್ದಾಣ ನಡೆಸುವುದೂ ಪುಕ್ಕಟೆ ಅಲ್ಲ. ಸೋಗಾನೆಯ ರೈತರು ಅದಕ್ಕೆ ಕೊಟ್ಟ ಜಮೀನು ಬೇರೆ.

ಒಂದು ದಿನದ ಮಾತು ಹೇಳುತ್ತೇನೆ. ಮಳೆಗಾಲ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮಗಳ ಮನೆಗೆಂದು ಹೈದರಾಬಾದಿಗೆ ಟಿಕೆಟ್ ಮಾಡಿಸಿದ್ದರು, ಗಂಡ ಹೆಂಡತಿ ಇಬ್ಬರಿಗೂ. ಅಮ್ಮನವರಿಗೆ ಮಂಡಿ ನೋವು, ಬಸ್ಸಿನಲ್ಲಿ ರಾತ್ರಿಯಿಡೀ ಕೂರಲು ಆಗುವುದಿಲ್ಲ. ಹೊರಡುವ ಹಿಂದಿನ ಸಂಜೆ ಫೋನಿಗೆ ಮೆಸೇಜು: ‘ಕಾರ್ಯಾಚರಣೆಯ ಕಾರಣಗಳಿಂದ’ ವಿಮಾನ ರದ್ದು. ಅವರು ಅಂಗಡಿಗೆ ಬಂದು ಫೋನನ್ನು ಕೌಂಟರ್ ಮೇಲೆ ಇಟ್ಟು, “ಎಂತ ಮಾರಾಯ ಇದು, ನಮ್ಮ ಮಳೆಗೆ ರದ್ದಾದ್ದೋ, ಇವರಿಗೇ ಆಗದೆ ರದ್ದಾದ್ದೋ?” ಎಂದರು. “ಮಳೆ ಅಲ್ಲ ಯಜಮಾನ್ರೇ, ಅವರದ್ದೇ ಏನೋ ತೊಂದರೆ” ಎಂದೆ. “ಹಾಗಾದರೆ ನಾಳೆ ಉಂಟಾ?” ನಾಳೆ ಇರಲಿಲ್ಲ, ವಾರದಲ್ಲಿ ಆ ವಿಮಾನ ಇದ್ದ ದಿನಗಳೇ ಕಮ್ಮಿ. ಮೂರು ದಾರಿ ತೋರಿಸಿದೆ. ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿಂದ ವಿಮಾನ, ಆದರೆ ರೈಲ್ವೆ ಸ್ಟೇಷನ್‌ನಿಂದ ದೇವನಹಳ್ಳಿಗೆ ಹೋಗುವುದೇ ಒಂದು ಪ್ರಯಾಣ. ಇಲ್ಲ ಹುಬ್ಬಳ್ಳಿಗೆ ಕಾರು. ಇಲ್ಲ ಸ್ಲೀಪರ್ ಬಸ್ಸು. ಅವರು ಮೂರನ್ನೂ ಕೇಳಿ, ಹೆಂಡತಿಯ ಮುಖ ನೋಡಿ, ದುಡ್ಡು ವಾಪಸ್ ಮಾಡಿಸು ಎಂದು ಎದ್ದು ಹೋದರು. ಮಗಳೇ ಆಮೇಲೆ ರಜೆ ಹಾಕಿ ಬಂದಳಂತೆ.

ಅದು ಒಂದು ದಿನದ ರದ್ದು. ಕಂಪನಿ ನಿಂತಿದ್ದರೆ ಅವರ ದುಡ್ಡೂ ವಾಪಸ್ ಬರುತ್ತಿರಲಿಲ್ಲ.

ದುಡ್ಡಿನ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ನಮ್ಮಂಥ ಏಜೆಂಟರು ಟಿಕೆಟ್ ತೆಗೆಯಲು ಮುಂಗಡ ದುಡ್ಡು ಹಾಕಿ ಇಟ್ಟಿರಬೇಕು. ಹಿಂದೆ ಒಂದು ಕಂಪನಿ ಇದ್ದಕ್ಕಿದ್ದಂತೆ ನಿಂತಾಗ ನನ್ನದೂ ಸ್ವಲ್ಪ ಅದರಲ್ಲಿ ಸಿಕ್ಕಿಕೊಂಡಿತು, ಗಿರಾಕಿಗಳ ಟಿಕೆಟ್ಟಿನ ದುಡ್ಡೂ ಹೋಯಿತು. ಹೆಸರು ಬೇಡ. ಕ್ಲೇಮು ಹಾಕಿ ಎಂದರು, ಹಾಕಿದೆವು. ದಿವಾಳಿ ಕಾನೂನಿನಲ್ಲಿ ಅಡಮಾನ ಇಟ್ಟುಕೊಂಡ ಬ್ಯಾಂಕುಗಳು ಮುಂದಿನ ಸಾಲಿನಲ್ಲಿ, ಟಿಕೆಟ್ ಕೊಂಡವರು ಎಲ್ಲೋ ಹಿಂದೆ. ಹಿಂದಿನ ಸಾಲಿನ ತನಕ ಬಡಿಸಿಕೊಂಡು ಬರುವಷ್ಟರಲ್ಲಿ ಪಾತ್ರೆ ಖಾಲಿ. ಗಿರಾಕಿಗಳಿಗೆ ಮುಖ ತೋರಿಸಬೇಕಾದವನು ನಾನು, ಕೆಲವರಿಗೆ ಕೈಯಿಂದಲೇ ಕೊಟ್ಟೆ.

ಈಗ ಮಲೆನಾಡಿನ ಒಂದು ವಿಷಯ. ಸಚಿವರಿಗೆ ಇದು ಗೊತ್ತಿರಲಿಕ್ಕಿಲ್ಲ, ಸಂಸದರಿಗೆ ಖಂಡಿತ ಗೊತ್ತು. ಕೊಪ್ಪದಲ್ಲಿ ಸಹಕಾರ ಸಾರಿಗೆ ಇತ್ತು. ಮಾಲೀಕರ ಬಸ್ ಕಂಪನಿ ನಿಂತಾಗ ಅದರ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್‌ಗಳೇ ಸೇರಿ 1991ರಲ್ಲಿ ಸಂಘ ಕಟ್ಟಿ ಬಸ್ಸು ಓಡಿಸಿದರು. ಘಾಟಿ, ಕೆಸರು, ಕವಲು ರಸ್ತೆ ಯಾವುದನ್ನೂ ಬಿಡದೆ ಮೂರು ದಶಕ ಹತ್ತಿರ ಹತ್ತಿರ ಓಡಿಸಿದರು. 2020ರ ಫೆಬ್ರವರಿಯಲ್ಲಿ ಅದೂ ನಷ್ಟ ತಡೆಯಲಾರದೆ ನಿಂತಿತು. ಆಗಲೂ ಆಗಿದ್ದು ಅದೇ. ಮೇನ್ ರೋಡಿನ ರೂಟು ಹಿಡಿಯಲು ಜನ ಇದ್ದರು, ಒಳಗಿನ ಊರುಗಳ ಗತಿ ಏನಾಯಿತು ಎಂದು ಆ ಕಡೆಯವರನ್ನೇ ಕೇಳಿ. ಆದರೂ ಬಸ್ಸಿನ ವಿಷಯದಲ್ಲಿ ಕಾನೂನಿನಲ್ಲಿ ಒಂದು ಬಾಗಿಲು ಇದೆ. 1988ರ ಮೋಟಾರು ವಾಹನ ಕಾಯ್ದೆಯ 87ನೇ ಸೆಕ್ಷನ್. ತಾತ್ಕಾಲಿಕ ಅಗತ್ಯ ಬಿದ್ದರೆ ಮಾಮೂಲಿ ಅರ್ಜಿ, ವಿಚಾರಣೆ ಎಲ್ಲ ಬಿಟ್ಟು ನಾಲ್ಕು ತಿಂಗಳ ತನಕ ತಾತ್ಕಾಲಿಕ ಪರ್ಮಿಟ್ ಕೊಡಬಹುದು. ಆರ್‌ಟಿಒ ಆಫೀಸಿನಲ್ಲಿ ಇದು ದಿನನಿತ್ಯದ ಕೆಲಸ.

ಐವತ್ತು ಸೀಟಿನ ಬಸ್ಸಿಗೆ ಇರುವ ಬಾಗಿಲು ಎಪ್ಪತ್ತೆಂಟು ಸೀಟಿನ ವಿಮಾನಕ್ಕೆ ಯಾಕಿಲ್ಲ?

ಬೇರೆ ದೇಶಗಳಲ್ಲಿ ಇದೆ. ಯುರೋಪಿನ ವಿಮಾನ ಸೇವೆಯ ನಿಯಮ, 2008ರ 1008ನೇ ನಂಬರಿನದ್ದು, ಅದರ 16ನೇ ವಿಧಿ ತೆಗೆದು ನೋಡಿ. ಸಹಾಯಧನದ ರೂಟಿನಲ್ಲಿ ಹಾರುವ ಕಂಪನಿ ಇದ್ದಕ್ಕಿದ್ದಂತೆ ನಿಂತರೆ, ಹೊಸ ಟೆಂಡರ್ ಆಗುವ ತನಕ ಸರ್ಕಾರ ಮಾತುಕತೆ ಮಾಡಿ ಇನ್ನೊಂದು ಕಂಪನಿಯನ್ನು ನೇರವಾಗಿ ಕರೆಯಬಹುದು. ಏಳು ತಿಂಗಳ ಮಿತಿ, ಮತ್ತೆ ಮುಂದುವರಿಸುವಂತಿಲ್ಲ. ಇದು ಬರೀ ಪುಸ್ತಕದಲ್ಲಿ ಉಳಿದ ನಿಯಮವೂ ಅಲ್ಲ. 2021ರ ಜೂನ್ 12ಕ್ಕೆ ಐರ್ಲೆಂಡಿನ ಸ್ಟೋಬಾರ್ಟ್ ಏರ್ ನಿಂತಿತು. ಡೊನೆಗಾಲ್ ಮತ್ತು ಕೆರ್ರಿ ಅಂತ ಎರಡು ಜಿಲ್ಲೆ, ಡಬ್ಲಿನ್‌ಗೆ ದೂರ, ರೈಲು ಸೌಕರ್ಯ ಡೊನೆಗಾಲ್‌ಗಂತೂ ಇಲ್ಲವೇ ಇಲ್ಲ. ಡೊನೆಗಾಲ್ ರೂಟಿಗೆ ಸ್ವೀಡನ್ನಿನ ಅಮಪೋಲಾ ಅನ್ನುವ ಕಂಪನಿಯನ್ನು ಈ ತುರ್ತು ನಿಯಮದಲ್ಲೇ ಕರೆತಂದರು, ಜುಲೈ ತಿಂಗಳ ಕೊನೆಗೆ ವಿಮಾನ ಶುರು. ಅಷ್ಟರಲ್ಲಿ ಟೆಂಡರ್ ಕೆಲಸ ಮುಗಿಸಿ 2022ರಲ್ಲಿ ಎಮರಾಲ್ಡ್ ಅನ್ನುವ ಕಂಪನಿಗೆ ರೂಟು ಕೊಟ್ಟರು. ಕೆರ್ರಿಯದ್ದು ಇನ್ನೂ ಸ್ವಾರಸ್ಯ. ಅಲ್ಲಿಗೆ ರಯಾನ್‌ಏರ್ ತಾನಾಗಿ ಬಂತು, ಸಹಾಯಧನವೇ ಬೇಡ ಎಂದು. ಒಂದೇ ಕಂಪನಿ ಬಿಟ್ಟುಹೋದ ಎರಡು ರೂಟಿಗೆ ಎರಡು ಥರದ ಬದಲಿ. ಯಾವ ರೂಟು ತನ್ನ ಕಾಲ ಮೇಲೆ ನಿಲ್ಲುತ್ತದೆ, ಯಾವುದಕ್ಕೆ ಸರ್ಕಾರದ ಕೈ ಬೇಕು ಎಂದು ಆಗಲೇ ಗೊತ್ತಾಗುವುದು. ನಮ್ಮ ಬೆಂಗಳೂರು ರೂಟು ಕೆರ್ರಿಯ ಜಾತಿ ಇರಬಹುದು, ತಿರುಪತಿ, ಗೋವಾ ಡೊನೆಗಾಲ್ ಜಾತಿ.

ಆಸ್ಟ್ರೇಲಿಯಾದವರು ಇನ್ನೊಂದು ದಾರಿ ಹಿಡಿದರು. ಅಲ್ಲಿ ರೆಕ್ಸ್ ಅನ್ನುವ ಕಂಪನಿ ಮೂವತ್ತು ಚಿಲ್ಲರೆ ಸೀಟಿನ ಸಾಬ್ ವಿಮಾನಗಳಲ್ಲಿ ಸಣ್ಣ ಊರುಗಳಿಗೆ ಹಾರುತ್ತದೆ. ದೊಡ್ಡ ಊರುಗಳ ಮಧ್ಯೆ ಬೋಯಿಂಗ್ ಹಾರಿಸಲು ಹೋಗಿ ಕೈ ಸುಟ್ಟುಕೊಂಡು 2024ರ ಜುಲೈನಲ್ಲಿ ದಿವಾಳಿ ಆಡಳಿತಗಾರರ ಕೈಗೆ ಹೋಯಿತು. ಬೋಯಿಂಗ್ ನಿಂತವು, ಸಾಬ್‌ಗಳು ನಿಲ್ಲಲಿಲ್ಲ. ಸಣ್ಣ ಊರಿನ ಬುಕಿಂಗ್‌ಗಳಿಗೆ ಸರ್ಕಾರವೇ ಗ್ಯಾರಂಟಿ ಕೊಟ್ಟಿತು, 8 ಕೋಟಿ ಡಾಲರ್ ತನಕ ಸಾಲ ಕೊಡುತ್ತೇವೆ ಎಂದಿತು. ಅಂದಹಾಗೆ ಈ ರೆಕ್ಸ್ ಹುಟ್ಟಿದ್ದೇ ಹೀಗೆ. 2001ರಲ್ಲಿ ಆನ್ಸೆಟ್ ಅನ್ನುವ ದೊಡ್ಡ ಕಂಪನಿ ಬಿದ್ದಾಗ ಅದರ ಕೈಕೆಳಗಿನ ಎರಡು ಸಣ್ಣ ಕಂಪನಿಗಳನ್ನು ಸೇರಿಸಿ ಮಾಡಿದ್ದು. ಕಂಪನಿ ಬಿದ್ದರೂ ರೂಟು ಬೀಳಬಾರದು ಎಂದು ಅಲ್ಲಿ ಎರಡು ಸಲ ಯೋಚಿಸಿದ್ದಾರೆ.

ನಾವು ಐರ್ಲೆಂಡೂ ಅಲ್ಲ, ಆಸ್ಟ್ರೇಲಿಯಾದಷ್ಟು ದುಡ್ಡೂ ಇಲ್ಲ ಎನ್ನುತ್ತೀರಿ. ಒಪ್ಪಿದೆ. ನಾನು ಹೊಸ ಕಂಪನಿ ಕಟ್ಟಿ ಎಂದು ಕೇಳುತ್ತಿಲ್ಲ. 2025ರ ಬಜೆಟ್ಟಿನಲ್ಲಿ ಉಡಾನನ್ನು ತಿದ್ದಿ ಇನ್ನೂ 120 ಊರುಗಳಿಗೆ ಒಯ್ಯುತ್ತೇವೆ ಎಂದಿದ್ದೀರಿ. ಆ ಹೊಸ ಒಪ್ಪಂದಗಳಲ್ಲಿ ಒಂದು ಕಲಮು ಸೇರಿಸಿ. ಯಾವುದೇ ಉಡಾನ್ ರೂಟಿನಲ್ಲಿ ಇಷ್ಟು ದಿನ ಸತತವಾಗಿ ವಿಮಾನ ಬರದಿದ್ದರೆ, ಹದಿನೈದು ದಿನ ಎಂದಿಟ್ಟುಕೊಳ್ಳಿ, ಆ ಕಂಪನಿಯ ಏಕಸ್ವಾಮ್ಯ ತಾನಾಗಿ ಬಿದ್ದುಹೋಗಬೇಕು. ಬಿಡ್‌ನಲ್ಲಿ ಎರಡನೇ ಸ್ಥಾನ ಬಂದವರನ್ನು ಕರೆಯಿರಿ, ಅವರು ಒಲ್ಲೆ ಎಂದರೆ ಬಿಡ್ ಇಲ್ಲದೆಯೇ ಬೇರೆಯವರನ್ನು ಆರು ತಿಂಗಳ ಮಟ್ಟಿಗೆ ಕರೆಯಿರಿ. ಸಹಾಯಧನ ಸ್ವಲ್ಪ ಜಾಸ್ತಿ ಕೇಳಿದರೆ, ಆ ಜಾಸ್ತಿಯನ್ನು ಬಿದ್ದ ಕಂಪನಿಯಿಂದ ಮುಟ್ಟುಗೋಲು ಹಾಕಿಕೊಂಡ ಗ್ಯಾರಂಟಿ ದುಡ್ಡಿನಿಂದಲೇ ಕೊಡಿ. ಆ ದುಡ್ಡು ನ್ಯಾಯವಾಗಿ ಆ ಊರಿನದ್ದೇ ಅಲ್ವಾ?

ಬಿಡ್ ಇಲ್ಲದೆ ಕರೆದರೆ ಬೇಕಾದವರಿಗೆ ಕೊಟ್ಟರು ಎಂದು ಗಲಾಟೆ ಆಗುತ್ತದೆ, ಆಡಿಟ್‌ನವರು ಬರುತ್ತಾರೆ ಎಂದು ನಿಮ್ಮ ಅಧಿಕಾರಿಗಳು ಹೇಳುತ್ತಾರೆ. ಆ ಭಯ ಸುಳ್ಳಲ್ಲ. ಅದಕ್ಕೇ ಅವಧಿಗೆ ಮಿತಿ ಬೇಕು, ಒಮ್ಮೆ ಮಾತ್ರ ಎಂದು ಬರೆಯಬೇಕು, ಎಷ್ಟು ಕೊಟ್ಟಿರಿ ಎಂದು ಮಾರನೇ ದಿನವೇ ವೆಬ್‌ಸೈಟಿನಲ್ಲಿ ಹಾಕಬೇಕು. ಬಿಡ್ ಕರೆದು ಕೊಟ್ಟರೂ ಶುರುವಾಗದ 403 ರೂಟಿನ ಬಗ್ಗೆಯೂ ಆಡಿಟ್‌ನವರೇ ಬರೆದದ್ದು, ನೆನಪಿರಲಿ.

ರಾಜ್ಯದವರಿಗೆ ಬೇರೆ ಮಾತು ಇದೆ. ಬದಲಿ ಕಂಪನಿ ಬೇಗ ಬರಬೇಕಾದರೆ ನಿಲ್ದಾಣ ತಯಾರಿರಬೇಕು. ಸೋಗಾನೆ ಶುರುವಾದಾಗ ರಾತ್ರಿ ಇಳಿಯುವ ಸೌಲಭ್ಯ ಇರಲಿಲ್ಲ. ರಾತ್ರಿ ವಿಮಾನ ಬಂದು ತಂಗಿದರೆ ಮಾತ್ರ ಬೆಳಿಗ್ಗೆ ಆರೂವರೆಗೆ ಇಲ್ಲಿಂದ ಬೆಂಗಳೂರಿಗೆ ಹೊರಡಬಹುದು. ಇಲ್ಲದಿದ್ದರೆ ಅದು ಅಲ್ಲಿಂದ ಹೊರಟು ಹನ್ನೊಂದು ಗಂಟೆಗೆ ಬಂದು ಇಪ್ಪತ್ತು ನಿಮಿಷದಲ್ಲಿ ತಿರುಗಿ ಹೋಗುವ ವಿಮಾನವಾಗುತ್ತದೆ, ಬೆಂಗಳೂರಿನವರಿಗೆ ಅನುಕೂಲ, ನಮಗೆ ಅರ್ಧ ದಿನ ಹಾಳು. ಮಳೆಗಾಲದಲ್ಲಿ ಮೋಡ ಕವಿದು ರನ್‌ವೇ ಕಾಣದೆ ವಿಮಾನ ವಾಪಸ್ ಹೋಗುವುದನ್ನೂ ಇದರ ಜೊತೆಗೇ ಲೆಕ್ಕ ಹಾಕಿ. ಹೀಗೆ ರದ್ದಾದ ಪ್ರತಿ ಸಲ ರೂಟಿನ ಲೆಕ್ಕ ಕೆಡುತ್ತದೆ, ಕೆಟ್ಟ ಲೆಕ್ಕದ ರೂಟಿಗೆ ಬದಲಿಯಾಗಿ ಯಾರೂ ಬರುವುದಿಲ್ಲ. ಬೀದರ್‌ಗೆ ಕೊನೆಗೆ ಕೊಟ್ಟ ದುಡ್ಡಿನ ಥರದ್ದನ್ನು ಮೊದಲೇ ಒಂದು ನಿಧಿಯಾಗಿ ಇಟ್ಟುಬಿಡಿ, ಮೈಸೂರು, ಕಲಬುರಗಿ, ಬೀದರ್, ಶಿವಮೊಗ್ಗ ಎಲ್ಲಕ್ಕೂ ಸೇರಿ. ಪ್ರತಿ ಸಲ ಸಂಪುಟದ ಮುಂದೆ ಫೈಲು ಹೋಗಿ ಬರುವಷ್ಟರಲ್ಲಿ ಎರಡು ಮಳೆಗಾಲ ಕಳೆದಿರುತ್ತದೆ.

ಒಂದೇ ಕಂಪನಿಯ ಮೇಲೆ ಇಡೀ ನಿಲ್ದಾಣ ನಿಲ್ಲಿಸಬೇಡಿ ಎಂದೂ ಹೇಳಬೇಕು. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಜಾಸ್ತಿ ವಿಮಾನ ಫ್ಲೈಬಿ ಅನ್ನುವ ಒಂದೇ ಕಂಪನಿಯದ್ದಾಗಿತ್ತು. 2020ರ ಮಾರ್ಚ್ 5ಕ್ಕೆ ಫ್ಲೈಬಿ ಬಿದ್ದಾಗ ಆ ನಿಲ್ದಾಣ ಒಂದೇ ದಿನದಲ್ಲಿ ಬಿಕೋ ಎಂದಿತು. ಲೋಗನ್‌ಏರ್ ಅವತ್ತೇ 16 ರೂಟು ಹಿಡಿಯುತ್ತೇವೆ ಎಂದು ಹೇಳಿತು, ಆದರೆ ಅದು ಬಹುಪಾಲು ತನ್ನ ಸ್ಕಾಟ್ಲೆಂಡ್ ಕಡೆ, ಮತ್ತು ತನ್ನ ಹತ್ತಿರ ವಿಮಾನ ಇದ್ದ ಕಡೆ. ನಮ್ಮಲ್ಲಿ ಕಂಪನಿ ಬೀಳುವುದೂ ಬೇಕಿಲ್ಲ. 2025ರ ಡಿಸೆಂಬರ್ ಮೊದಲ ವಾರ ಪೈಲಟ್‌ಗಳ ಡ್ಯೂಟಿ ನಿಯಮದ ಗೊಂದಲದಲ್ಲಿ ಇಂಡಿಗೋ ಸಾವಿರಾರು ಹಾರಾಟ ರದ್ದು ಮಾಡಿದಾಗ ದೇಶವೇ ನಿಲ್ದಾಣಗಳಲ್ಲಿ ಮಲಗಿತ್ತಲ್ಲ.

ಟಿಕೆಟ್ ದುಡ್ಡಿನ ವಿಷಯದಲ್ಲಿ ಒಂದೇ ಬೇಡಿಕೆ. ಉಡಾನ್ ರೂಟಿನ ಟಿಕೆಟ್ ದುಡ್ಡು ಪ್ರಯಾಣ ಮುಗಿಯುವ ತನಕ ಬೇರೆ ಖಾತೆಯಲ್ಲಿ ಇರಲಿ, ಕಂಪನಿ ಬಿದ್ದರೆ ಬ್ಯಾಂಕಿನ ಸಾಲಿಗೆ ಸೇರದೆ ನೇರ ಪ್ರಯಾಣಿಕನಿಗೆ ಬರಲಿ. ಫ್ಲ್ಯಾಟು ಕಟ್ಟುವವರಿಗೆ ರೇರಾ ಕಾನೂನಿನಲ್ಲಿ ಬೇರೆ ಖಾತೆ ಇಡಿ ಎಂದು ನೀವೇ ಹೇಳಿದ್ದೀರಿ. ಕಂಪನಿಗಳು ಒಪ್ಪುವುದಿಲ್ಲ, ಆ ದುಡ್ಡಿನಲ್ಲೇ ಅವರು ಇಂಧನ ಹಾಕಿಸುವುದು. ಗೊತ್ತು. ಪೂರ್ತಿ ಅಲ್ಲದಿದ್ದರೆ ಅರ್ಧವಾದರೂ ಇಡಿಸಿ.

ಸಂಸದರೇ, ನಿಮಗೆ ಕೇಳುವುದು ಇಷ್ಟೇ. ಮುಂದಿನ ಅಧಿವೇಶನದಲ್ಲಿ ಒಂದು ಪ್ರಶ್ನೆ ಹಾಕಿ. ಶಿವಮೊಗ್ಗದ ಉಡಾನ್ ರೂಟುಗಳ ಸಹಾಯಧನ ಯಾವ ದಿನ ಮುಗಿಯುತ್ತದೆ, ಆಮೇಲೆ ಕಂಪನಿ ಹಾರದಿದ್ದರೆ ಮಾಡುವುದೇನು ಎಂದು ಕೇಳಿ. ಲಿಖಿತ ಉತ್ತರ ಬರಲಿ. ಅದನ್ನು ಪ್ರಿಂಟ್ ತೆಗೆದು ನನ್ನ ಅಂಗಡಿ ಕೌಂಟರಿನಲ್ಲಿ ಅಂಟಿಸುತ್ತೇನೆ, ಬಂದು ಕೇಳುವವರಿಗೆ ತೋರಿಸಲು ನನಗೂ ಏನಾದರೂ ಬೇಕು.

ಇಂತಿ,
ಶಿವಮೊಗ್ಗದ ಒಬ್ಬ ಟಿಕೆಟ್ ಏಜೆಂಟ್